ಪಾವಗಡ ಸೋಲಾರ್ ಪಾರ್ಕ್: ಹೊಸದಾಗಿ ಜಮೀನು ಗುತ್ತಿಗೆಗೆ ಕೊಡೋರು ಸೈನ್ ಹಾಕೋ ಮುಂಚೆ ಏನೇನ್ ಕೇಳ್ಬೇಕು?

ಕಡಲೆಕಾಯಿ_ಹೊಲ
ಎಲ್ಲರಿಗೂ ನಮಸ್ಕಾರ. ನಮ್ದು ಪಾವಗಡ ತಾಲ್ಲೂಕು, ನಾಗಲಮಡಿಕೆ ಹೋಬಳಿ. ನಮ್ಮಪ್ಪನ ಹೆಸರಲ್ಲಿದ್ದ ನಾಲ್ಕೆಕರೆ ಹೊಲ ಸೋಲಾರ್ ಪಾರ್ಕಿಗೆ ಕೊಟ್ಟು ವರ್ಷಗಳೇ ಆದ್ವು. ಈಗ ನಮ್ಮ ಚಿಕ್ಕಪ್ಪನ ಊರ ಕಡೆನೂ ಜಮೀನು ಕೇಳ್ಕೊಂಡು ಜನ ಓಡಾಡ್ತಾವ್ರೆ. ಮೊನ್ನೆ ಚಿಕ್ಕಪ್ಪ ಫೋನ್ ಮಾಡಿ "ನೀವು ಕೊಟ್ಟಿದ್ದೀರಲ್ಲ, ನೀನೇ ಹೇಳಪ್ಪ, ಕೊಡ್ಲಾ ಬ್ಯಾಡ್ವಾ" ಅಂದ್ರು, ನಂಗೆ ಹೂಂ ಅನ್ನೋಕೂ ಆಗ್ಲಿಲ್ಲ ಉಹೂಂ ಅನ್ನೋಕೂ ಆಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಹೊರಗಿನೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್ 1ಕ್ಕೆ ಸಿದ್ದರಾಮಯ್ಯನವರು ಉದ್ಘಾಟನೆ ಮಾಡಿದ್ರು, 2019ರ ಕೊನೆ ಹೊತ್ತಿಗೆ ಪೂರ್ತಿ ಆಯ್ತು. ಇದರಲ್ಲಿ ವಿಶೇಷ ಏನಂದ್ರೆ ಜಮೀನು ಯಾರೂ ಕಿತ್ಕೊಳ್ಳಲಿಲ್ಲ, ಕೊಂಡ್ಕೊಳ್ಳಲೂ ಇಲ್ಲ. ಕೆಎಸ್‌ಪಿಡಿಸಿಎಲ್ ಅಂತ ಕೇಂದ್ರ ರಾಜ್ಯ ಎರಡೂ ಸೇರಿ ಮಾಡಿರೋ ಕಂಪನಿ ರೈತರ ಹತ್ರ 28 ವರ್ಷಕ್ಕೆ ಗುತ್ತಿಗೆ ತಗೊಂಡು ಪ್ಯಾನೆಲ್ ಹಾಕೋ ಕಂಪನಿಗಳಿಗೆ ಕೊಡ್ತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದ್ಸಲ ಶೇಕಡಾ 5 ಏರಿಕೆ. ಪಹಣಿ ನಮ್ಮ ಹೆಸರಲ್ಲೇ ಐತೆ.

ನಮ್ಮ ಸೀಮೆ ಗೊತ್ತಿರೋರಿಗೆ ಗೊತ್ತು, ಬರ ಅಂತ ಘೋಷಣೆ ಆಗದೇ ಇರೋ ವರ್ಷಾನೇ ಕಮ್ಮಿ. ಕಡಲೆಕಾಯಿ ಹಾಕಿ ಮೋಡ ನೋಡ್ಕೊಂಡು ಕೂರೋದು, ಬೋರು ಕೊರೆಸಿದ್ರೆ ಫ್ಲೋರೈಡ್ ನೀರು, ಹಲ್ಲೆಲ್ಲಾ ಕಂದು. ಅಪ್ಪಂಗೆ ಮೊದಲನೇ ವರ್ಷ ನಾಲ್ಕೆಕರೆಗೆ 84,000 ಅಕೌಂಟಿಗೆ ಬಂದಾಗ ಅವ್ರು ಪಾಸ್‌ಬುಕ್ಕನ್ನ ಮೂರು ಸಲ ಓದ್ಸಿದ್ರು. ಆ ದುಡ್ಡಲ್ಲೇ ನನ್ನ ತಂಗಿ ಡಿಗ್ರಿ ಮುಗಿಸಿದ್ದು. ಅದನ್ನ ನಾನು ಮರೆಯೋದಿಲ್ಲ. ಆದ್ರೆ ಈಗ ಅದೇ ದುಡ್ಡು ಕೈಗೆ ಬಂದ್ರೆ ಆವತ್ತಿನಷ್ಟು ಕೆಲಸ ಆಗ್ತಿಲ್ಲ. ಇನ್ನೂ ಇಪ್ಪತ್ತು ವರ್ಷ ಹಿಂಗೇನಾ ಅಂತ ಭಯ ಆಗ್ತದೆ. ಲೆಕ್ಕ ಗೊತ್ತಿರೋರು ಹೇಳಿ.

ಮಳೆ_ನಂಬಿದೋನು
ಅಣ್ಣ ನಾನು ಪಕ್ಕದ ಶಿರಾ ತಾಲ್ಲೂಕು. ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ನಿಮಗೆ ವರ್ಷಾ ವರ್ಷಾ ಗ್ಯಾರಂಟಿ ದುಡ್ಡು, ನಮಗೆ? ಹೋದ ಸಲ ಎಕರೆಗೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಅಂತ ಹಾಕಿದ್ದು ವಾಪಸ್ ಬಂದ್ರೆ ಸಾಕು ಅನ್ನೋ ಹಂಗಾಯ್ತು, ಕಾಯಿ ಕಟ್ಟೋ ಟೈಮಿಗೆ ಮಳೆ ಕೈಕೊಟ್ಟು ಬಳ್ಳಿ ಕುರಿಗೆ ಮೇವಾಯ್ತು. ನಮ್ಮೂರಿಗೆ ಸೋಲಾರ್ ಬಂದ್ರೆ ನಾನೇ ಮೊದಲು ಸೈನ್ ಹಾಕೋನು. ಚಿಕ್ಕಪ್ಪಂಗೆ ಕೊಡಿ ಅಂತ ಹೇಳಿ.

ಲೆಕ್ಕದ_ಪುಸ್ತಕ
ಇಬ್ಬರ ಮಾತೂ ಸರಿ ಇದೆ. ಕೊಡಬೇಕೋ ಬೇಡ್ವೋ ಅನ್ನೋದಕ್ಕಿಂತ ಯಾವ ಕರಾರಿಗೆ ಕೊಡಬೇಕು ಅನ್ನೋದು ನೋಡಿ.

ಎರಡು ವರ್ಷಕ್ಕೆ ಶೇಕಡಾ 5 ಅಂದ್ರೆ ವರ್ಷಕ್ಕೆ ಎರಡೂವರೆಗಿಂತ ಕಮ್ಮಿ. 21,000 ನಾಲ್ಕು ಸಲ ಏರಿದ್ರೆ 25,525 ಆಗುತ್ತೆ, ಅಂದ್ರೆ ಎಂಟು ವರ್ಷಕ್ಕೆ ಶೇಕಡಾ 21-22. ಇದೇ ಹೊತ್ತಲ್ಲಿ ಬೇರೆದೆಲ್ಲ ಏನಾಯ್ತು ನೋಡಿ: ಕಡಲೆಕಾಯಿ ಬೆಂಬಲ ಬೆಲೆ 2016-17ರಲ್ಲಿ ಬೋನಸ್ ಸೇರಿ ಕ್ವಿಂಟಲ್‌ಗೆ 4,220 ಇದ್ದಿದ್ದು 2025-26ಕ್ಕೆ 7,263. ನರೇಗಾ ಕೂಲಿ ನಮ್ಮ ರಾಜ್ಯದಲ್ಲಿ ಅದೇ ಅವಧಿಲಿ 224 ಇದ್ದಿದ್ದು 370 ಆಯ್ತು. ಒಂದು ಶೇಕಡಾ 72 ಏರಿದೆ, ಇನ್ನೊಂದು 65. ನಿಮ್ಮ ಗುತ್ತಿಗೆ ಮಾತ್ರ ಹಿಂದೆ ಉಳೀತು, ಅದಕ್ಕೇ ದುಡ್ಡಲ್ಲಿ ಕೆಲಸ ಆಗ್ತಿಲ್ಲ ಅಂತ ನಿಮಗೆ ಅನ್ನಿಸ್ತಿರೋದು.

ಇನ್ನೂ ಮುಂದಕ್ಕೆ ಹೋಗೋಣ. ಕೊನೇ ವರ್ಷಕ್ಕೆ ಎಕರೆಗೆ 39,600 ಹತ್ರ ಬರುತ್ತೆ, ಕೇಳಕ್ಕೆ ದೊಡ್ಡದು. ಆದ್ರೆ ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದ್ರೆ ಮೊದಲ ವರ್ಷ 21,000ಕ್ಕೆ ಬರ್ತಿದ್ದ ಸಾಮಾನಿಗೆ ಆಗ 78,000 ಬೇಕು. ಅಂದ್ರೆ ನಿಮ್ಮಪ್ಪಂಗೆ ಸಿಕ್ಕಿದ್ದರ ಅರ್ಧದಷ್ಟು ಬೆಲೆಯ ಗುತ್ತಿಗೆ ನಿಮ್ಮ ಮಕ್ಕಳಿಗೆ ಸಿಗೋದು. ಸೂರ್ಯ ಅಷ್ಟೇ ಬಿಸಿಲು ಕೊಡ್ತಾನೆ, ನೆಲನೂ ಅಷ್ಟೇ ಇರುತ್ತೆ, ಬಾಡಿಗೆ ಮಾತ್ರ ಸವೀತಾ ಹೋಗುತ್ತೆ.

ಕಡಲೆಕಾಯಿ_ಹೊಲ
ಇದನ್ನ ಆವತ್ತು ಯಾರೂ ಹೇಳ್ಲಿಲ್ಲ ಸರ್. "ಏರ್ತಾ ಹೋಗ್ತದೆ" ಅಂದ್ರು, ಏರೋದು ಅಂದ್ರೆ ಒಳ್ಳೇದು ಅಂದ್ಕೊಂಡ್ವಿ.

ಗ್ರಿಡ್_ಗೆಳೆಯ
ನಾನು ಸೋಲಾರ್ ಪ್ರಾಜೆಕ್ಟ್‌ಗಳಲ್ಲೇ ಹನ್ನೆರಡು ವರ್ಷದಿಂದ ಕೆಲಸ ಮಾಡ್ತಿರೋ ಎಂಜಿನಿಯರ್. ಒಂದು ಲೆಕ್ಕ ನಾನೂ ಹಾಕ್ತೀನಿ, ಆಮೇಲೆ ಕಂಪನಿ ಕಡೆ ಮಾತೂ ಹೇಳ್ತೀನಿ, ಎರಡೂ ಕೇಳಿ.

2,050 ಮೆಗಾವ್ಯಾಟ್‌ನ 13,000 ಎಕರೆಗೆ ಹಂಚಿದ್ರೆ ಎಕರೆಗೆ 158 ಕಿಲೋವ್ಯಾಟ್ ಆಸುಪಾಸು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕೂವರೆ ಯೂನಿಟ್ ಕೊಡುತ್ತೆ ಅಂತ ಇಟ್ಕೊಳ್ಳಿ, ಪಾವಗಡದ ಬಿಸಿಲಿಗೆ ಇದು ಜಾಸ್ತಿ ಏನಲ್ಲ. ಆಗ ಎಕರೆಗೆ ವರ್ಷಕ್ಕೆ ಎರಡೂವರೆ ಲಕ್ಷ ಯೂನಿಟ್ ಮೇಲೆ, ಹತ್ರ ಹತ್ರ 2.6 ಲಕ್ಷ. 21,000ನ ಇದರಿಂದ ಭಾಗಿಸಿದ್ರೆ ಒಂದು ಯೂನಿಟ್ ಕರೆಂಟಲ್ಲಿ ಜಮೀನಿನ ಪಾಲು 8 ಪೈಸೆ. ಯೂನಿಟ್ 3 ರೂಪಾಯಿಗೆ ಮಾರಿದ್ರೂ ಎಕರೆಗೆ 7.8 ಲಕ್ಷ ಆಗುತ್ತೆ, ಅದರಲ್ಲಿ ರೈತನಿಗೆ ನೂರಕ್ಕೆ ಮೂರು ರೂಪಾಯಿನೂ ಬರಲ್ಲ.

ಈಗ ಇನ್ನೊಂದು ಕಡೆ. ಆ 7.8 ಲಕ್ಷ ಲಾಭ ಅಲ್ಲ, ದಯವಿಟ್ಟು ಹಂಗೆ ಪೋಸ್ಟರ್ ಮಾಡಿ ಹಂಚಬೇಡಿ. ಒಂದು ಮೆಗಾವ್ಯಾಟ್ ಹಾಕೋಕೆ ಆಗ ಕೋಟಿಗಟ್ಟಲೆ ಬೇಕಿತ್ತು, ಬಹುಪಾಲು ಬ್ಯಾಂಕ್ ಸಾಲ. ಮೊದಲ ಹದಿನೈದು ವರ್ಷದ ಹತ್ರ ಬರೋದ್ರಲ್ಲಿ ದೊಡ್ಡ ಭಾಗ ಕಂತಿಗೇ ಹೋಗುತ್ತೆ. ಎಸ್ಕಾಂ ಜೊತೆ ಮಾಡ್ಕೊಳ್ಳೋ 25 ವರ್ಷದ ಒಪ್ಪಂದದಲ್ಲಿ ಯೂನಿಟ್ ದರ ಸಾಮಾನ್ಯವಾಗಿ ಏರೋದೇ ಇಲ್ಲ, ಮೊದಲ ದಿನದ ರೇಟೇ ಕೊನೇ ದಿನಕ್ಕೂ. ಹಾಗಾಗಿ ನಡುವಲ್ಲಿ ಬಂದು ಬಾಡಿಗೆ ಜಾಸ್ತಿ ಮಾಡಿ ಅಂದ್ರೆ ಆಗಲ್ಲ.

ಆದ್ರೆ ಶುರುವಲ್ಲೇ ಆಗುತ್ತೆ! ಇದೇ ಮುಖ್ಯ. ಪಾರ್ಕ್ ಮಾದರಿಯಲ್ಲಿ ಜಮೀನಿನ ಬಾಡಿಗೆ ಎಷ್ಟು ಅಂತ ಹರಾಜಿಗೆ ಮುಂಚೇನೇ ಎಲ್ಲಾ ಕಂಪನಿಗಳಿಗೂ ಗೊತ್ತಿರುತ್ತೆ, ಎಲ್ಲರಿಗೂ ಒಂದೇ. ಬಾಡಿಗೆ ಜೊತೆಗೆ ಯೂನಿಟ್‌ಗೆ 5 ಪೈಸೆ ರೈತರಿಗೆ ಅಂತ ಟೆಂಡರಲ್ಲೇ ಬರೆದ್ರೆ ಎಲ್ಲರೂ ಅದನ್ನ ಸೇರಿಸಿಯೇ ಬಿಡ್ ಹಾಕ್ತಾರೆ, ಯಾರಿಗೂ ಅನ್ಯಾಯ ಇಲ್ಲ. ಎಕರೆಗೆ ವರ್ಷಕ್ಕೆ 13,000 ಹೆಚ್ಚಿಗೆ ಬರುತ್ತೆ, ಕರೆಂಟ್ ತಗೊಳ್ಳೋರಿಗೆ ಬೀಳೋದು ಐದು ಪೈಸೆ. ದರ ಕಮ್ಮಿ ಇರಬೇಕು ಅಂತ ಸರ್ಕಾರ ಹೊಂದಿಸೋದು ಸರಿ, ಅದರ ಭಾರ ಎಂಟು ಪೈಸೆಯವನ ಮೇಲೇ ಯಾಕೆ ಬೀಳ್ಬೇಕು.

ಕೂಲಿಯೋರ_ಮನೆ
ಎಲ್ಲಾರೂ ಎಕರೆ ಎಕರೆ ಅಂತಿದೀರ. ನಮ್ಮನೇಲಿ ಎಕರೆ ಇಲ್ಲ.

ನಾನು ಅದೇ ಐದು ಊರಲ್ಲಿ ಒಂದರ ಹುಡುಗಿ. ನಮ್ಮಮ್ಮ ಕಳೆ ಕೀಳೋದು, ಕಡಲೆಕಾಯಿ ಕೀಳೋದು, ಬಿಡಿಸೋದು ಇದರಲ್ಲೇ ನಮ್ಮನ್ನ ಸಾಕಿದ್ದು. ಕಾಯಿ ಬಿಡ್ಸೋ ಟೈಮಲ್ಲಿ ಕೂಲಿ ಜೊತೆ ಕಾಯೂ ಸಿಗ್ತಿತ್ತು, ಬಳ್ಳಿ ತಂದು ಎಮ್ಮೆಗೆ ಹಾಕ್ತಿದ್ವಿ. ಅಮ್ಮಂಗೆ ಹತ್ತು ಜನ ರೈತರ ಹೊಲ ಗೊತ್ತಿತ್ತು, ಇವತ್ತು ಇವ್ರದ್ದು ನಾಳೆ ಅವ್ರದ್ದು ಅಂತ. ಆ ಹತ್ತೂ ಹೊಲ ಬೇಲಿ ಒಳಗೆ ಹೋದ್ವು. ರೈತರಿಗೆ ಬಾಡಿಗೆ ಬಂತು, ಬರಲಿ, ನಂಗೆ ಹೊಟ್ಟೆಕಿಚ್ಚಿಲ್ಲ. ಆದ್ರೆ ಅಮ್ಮಂಗೆ ಒಂದು ದಿನ ಯಾರೂ ಬಂದು "ನಿಂಗೇನು" ಅಂತ ಕೇಳಲಿಲ್ಲ, ಯಾಕಂದ್ರೆ ಅವಳ ಹೆಸರು ಯಾವ ಪಹಣಿಲೂ ಇರ್ಲಿಲ್ಲ.

ಪ್ಯಾನೆಲ್ ಕಟ್ಟೋವಾಗ ಎರಡು ವರ್ಷ ಕೆಲಸ ಇತ್ತು, ಎಲ್ಲಾ ಊರಿಗೂ ಜಾತ್ರೆ ಬಂದಂಗೆ. ಆಮೇಲೆ ಗಂಡಸ್ರಲ್ಲಿ ಸ್ವಲ್ಪ ಜನಕ್ಕೆ ಸೆಕ್ಯುರಿಟಿ, ಹೆಂಗಸ್ರಲ್ಲಿ ಇನ್ನೂ ಸ್ವಲ್ಪ ಜನಕ್ಕೆ ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು. ಅಷ್ಟೇ. ಸೋಲಾರ್‌ಗೆ ಜನಾನೇ ಬೇಡ, ಅದೇ ಅದರ ಗುಣ. ನಮ್ಮಕ್ಕ ಈಗ ಹಿಂದೂಪುರಕ್ಕೆ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಬೆಳಗ್ಗೆ ಆರಕ್ಕೆ ಬಿಟ್ರೆ ರಾತ್ರಿ ಎಂಟು. ನಮ್ಮ ದೊಡ್ಡಮ್ಮನ ಮನೇಲಿ ಮೂವತ್ತು ಕುರಿ ಇದ್ವು, ಬೇಲಿ ಸುತ್ತ ಬಳಸ್ಕೊಂಡು ಹೋಗೋದು ಆಗ್ದೆ ಮಾರಿಬಿಟ್ರು.

ಮತ್ತೆ ನಮ್ಮ ತಾತ ಮೂವತ್ತು ವರ್ಷ ಉತ್ತಿದ್ದ ಒಂದೂವರೆ ಎಕರೆ ಬಗರ್‌ಹುಕುಂ, ಅರ್ಜಿ ಹಾಕಿದ್ದು ಹಾಕಿದ್ದೇ, ಸಾಗುವಳಿ ಚೀಟಿ ಬರಲಿಲ್ಲ. ಜಮೀನು ಸರ್ಕಾರದ್ದು ಅಂತ ಆಯ್ತು, ಬಾಡಿಗೆ ಇಲ್ಲ. ಉತ್ತೋರು ನಾವು.

ಕಡಲೆಕಾಯಿ_ಹೊಲ
ತಂಗಿ, ನೀನು ಬರೆದಿದ್ದು ಓದಿ ಸುಮ್ನೆ ಕೂತ್ಬಿಟ್ಟೆ. ನಮ್ಮ ಹೊಲಕ್ಕೂ ಆರೇಳು ಜನ ಬರ್ತಿದ್ರು. ಅವ್ರು ಈಗ ಎಲ್ಲವ್ರೆ ಅಂತ ಅಪ್ಪನ್ನ ಕೇಳಿದೆ, ಇಬ್ಬರು ಬೆಂಗಳೂರು, ಒಬ್ಬರು ತೀರ್ಕೊಂಡ್ರು, ಮಿಕ್ಕೋರು ಗೊತ್ತಿಲ್ಲ ಅಂದ್ರು. ಇದನ್ನ ನಾನು ಮೊದಲನೇ ಪೋಸ್ಟಲ್ಲೇ ಬರೀಬೇಕಿತ್ತು.

ಗದಗಿನ_ಗಾಳಿ
ನಮಸ್ಕಾರ್ರಿ. ನಮ್ಮ ಕಡಿ ಸೋಲಾರ್‌ಕಿಂತ ಗಾಳಿ ಫ್ಯಾನ್ ಜಾಸ್ತಿ ಅದಾವ್ರಿ. ಫ್ಯಾನಿಗೆ ಜಾಗ ಕಮ್ಮಿ ಬೇಕ, ಸುತ್ತ ಜ್ವಾಳ, ಕಡ್ಲಿ ಬೆಳಕೊಂತ ಹೋಗಬಹುದು, ಅದೊಂದ ಚಲೋ. ಖರೆ ನಮ್ಮಲ್ಲಿ ಎಷ್ಟೋ ಮಂದಿ ಕಂಪನಿಗೆ ಹೊಲಾನ ಮಾರಿಬಿಟ್ರು, ಆ ರೊಕ್ಕದಾಗ ಮನಿ ಕಟ್ಟಿದ್ರು, ಮದ್ವಿ ಮಾಡಿದ್ರು, ಈಗ ರೊಕ್ಕಾನೂ ಇಲ್ಲ ಹೊಲಾನೂ ಇಲ್ಲ. ಅದಕ್ಕ ನಿಮ್ಮ ಗುತ್ತಿಗಿ ಪದ್ಧತಿ ನಮಗ ಆಸಿ ಹುಟ್ಟಸ್ತೈತಿ, ಪಹಣಿ ನಿಮ್ಮ ಹೆಸರಲೇ ಉಳೀತಲ್ರಿ, ಅದ ಸಣ್ಣದಲ್ಲ.

ಒಂದು ಕೇಳಬೇಕ್ರಿ. ಗಣಿ ಇದ್ದ ಊರಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ 2015ರ ಕಾಯ್ದೆ ತಿದ್ದುಪಡಿಯಾಗ ಬಂತಲ್ರಿ, ಗಣಿ ಕಂಪನಿ ಕಟ್ಟೋ ರಾಯಲ್ಟಿ ಮ್ಯಾಲ ಹಳೇ ಗಣಿ ಆದ್ರ ಶೇಕಡಾ 30, ಹರಾಜಿಂದಾದ್ರ 10 ಗಣಿ ಬಾಧಿತ ಊರಿಗೇ ಹೋಗಬೇಕು. ಹೊಲ ಇದ್ದಾವ್ರಿಗೆ ಅಷ್ಟ ಅಲ್ಲ, ಊರಿಗೆ. ಬಿಸಲಿಗೆ, ಗಾಳಿಗೆ ಅಂಥಾದ್ದು ಯಾಕ ಇಲ್ರಿ? ಅದಿರ ತಗದ್ರ ಗುಂಡಿ ಬೀಳತೈತಿ, ಇಲ್ಲಿ ಬೀಳಂಗಿಲ್ಲ ಅನಬಹುದು. ಆದ್ರ ಆ ಅವ್ವನ ಹತ್ತು ಹೊಲ ಹೋದುವಲ್ಲ, ಅದೂ ಗುಂಡೀನ ಅಲ್ಲೇನ್ರಿ.

ಲೆಕ್ಕದ_ಪುಸ್ತಕ
ಗದಗಿನವರು ಸರಿಯಾದ ದಾರಿ ತೋರಿಸಿದ್ರು. ಇಡೀ ಪಾರ್ಕಿನ ಲೆಕ್ಕ ಹಾಕಿದೆ. ಗ್ರಿಡ್ ಗೆಳೆಯರ ಅದೇ ನಾಲ್ಕೂವರೆ ಯೂನಿಟ್ ಅಂದಾಜಿಗೆ ವರ್ಷಕ್ಕೆ ಸುಮಾರು 336 ಕೋಟಿ ಯೂನಿಟ್. ಯೂನಿಟ್‌ಗೆ 2 ಪೈಸೆ ಊರಿನ ನಿಧಿಗೆ ಅಂತ ತೆಗೆದಿಟ್ರೆ 6.7 ಕೋಟಿ. ಐದು ಊರಿಗೆ ವರ್ಷಾ ವರ್ಷಾ, 25 ವರ್ಷ. ಇದರಿಂದ ಭೂಮಿ ಇಲ್ಲದ ಮನೆಗಳಿಗೆ ನೇರ ದುಡ್ಡು ಕೊಡಬಹುದು, ಹೆಣ್ಣುಮಕ್ಕಳ ಐಟಿಐ ನಡೆಸಬಹುದು, ಮೇವಿನ ಜಾಗ ಮಾಡಬಹುದು. ಸಾಮಾಜಿಕ ಜವಾಬ್ದಾರಿ ಅಂತ ಕಂಪನಿಗಳು ಕೊಡೋ ಬೆಂಚು, ನೀರಿನ ಫಿಲ್ಟರ್ ಬೇರೆ, ಅದು ಅವರು ಮನಸ್ಸು ಮಾಡಿದ್ರೆ. ಇದು ಹಕ್ಕಾಗಿ ಬರಬೇಕು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕಲ್ಲಿ 114 ಹಿಂದುಳಿದವು ಅಂತ ಪಟ್ಟಿ ಕೊಡ್ತು, ಪಾವಗಡನೂ ಅದರಲ್ಲಿದೆ. ಅಂಥಾ ತಾಲ್ಲೂಕಿಗೆ ಇಷ್ಟು ದೊಡ್ಡ ಯೋಜನೆ ಬಂದಾಗ ಊರಿನ ಪಾಲು ಎಷ್ಟು ಅಂತ ಕಾಗದದಲ್ಲಿ ಇರಲೇಬೇಕು.

ಮಳೆ_ನಂಬಿದೋನು
ಎಲ್ಲ ಸರಿ, ಆದ್ರೆ ಹಿಂಗೆ ಷರತ್ತು ಹಾಕ್ತಾ ಹೋದ್ರೆ ಕಂಪನಿಯೋರು "ನಿಮ್ ಸಹವಾಸ ಬ್ಯಾಡ" ಅಂತ ಆಂಧ್ರಕ್ಕೋ ರಾಜಸ್ಥಾನಕ್ಕೋ ಹೋಗ್ತಾರೆ, ಅಲ್ಲಿ ಜಮೀನು ಬೇಕಾದಷ್ಟೈತೆ. ಕಿಯಾ ಕಾರ್ ಫ್ಯಾಕ್ಟರಿ ನೋಡಿ, ಆಂಧ್ರದ ಪೆನುಕೊಂಡಕ್ಕೆ ಹೋಯ್ತು. ಕರೆಂಟ್ ಮಾಡೋರು ನಾವು, ಫ್ಯಾಕ್ಟರಿ ಬೇಲಿ ಆಚೆ.

ಗ್ರಿಡ್_ಗೆಳೆಯ
ಆ ಭಯ ಸುಳ್ಳಲ್ಲ, ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಲ್ಲಿ ಮರಳುಗಾಡು ಇದೆ, ಬಿಸಿಲೂ ಇಲ್ಲಿಗಿಂತ ಜಾಸ್ತಿ. ಆದ್ರೆ ಪಾವಗಡದಲ್ಲಿ ಈಗಾಗಲೇ ದೊಡ್ಡ ಸಬ್‌ಸ್ಟೇಷನ್, ಲೈನ್ ಎಲ್ಲ ಇದೆ, ಬೆಂಗಳೂರಿನ ಬೇಡಿಕೆ ಪಕ್ಕದಲ್ಲೇ ಇದೆ. ಇದಕ್ಕೆ ಬೆಲೆ ಇದೆ. ಎರಡು ಪೈಸೆ ಐದು ಪೈಸೆಗೆ ಇದನ್ನ ಬಿಟ್ಟು ಯಾರೂ ಓಡಿಹೋಗಲ್ಲ. ಚೌಕಾಸಿಗೆ ಕೂರೋವಾಗ ನಮ್ಮ ಕೈಲಿ ಏನಿದೆ ಅಂತ ಗೊತ್ತಿರಬೇಕು.

ಶರಾವತಿ_ದಡ
ಸಾಗರದಿಂದ ಬರೀತಾ ಇದೀನಿ. ನಿಮ್ಮ ವಿಷಯದ ನಡುವೆ ಬಂದೆ ಅಂತ ಅಂದ್ಕೋಬೇಡಿ, ಇದಕ್ಕೂ ಅದಕ್ಕೂ ಸಂಬಂಧ ಇದೆ. ಪಾವಗಡದ ಕರೆಂಟ್ ಹಗಲು ಮಾತ್ರ ಅಲ್ವಾ, ಸಂಜೆ ಏಳಕ್ಕೆ ಎಲ್ಲರೂ ಸ್ವಿಚ್ ಹಾಕೋವಾಗ ಸೂರ್ಯ ಇರಲ್ಲ. ಹಗಲು ಉಳಿದಿದ್ದನ್ನ ರಾತ್ರಿಗೆ ಇಡಬೇಕು ಅಂತ ಹೇಳಿಕೊಂಡೇ ನಮ್ಮ ಶರಾವತಿ ಕಣಿವೆಲಿ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ತರ್ತಿರೋದು, ಗೇರುಸೊಪ್ಪೆಯಿಂದ ತಲಕಳಲೆಗೆ ನೀರು ಎತ್ತಿ ಮತ್ತೆ ಬಿಡೋದು. ಸಿಂಗಳೀಕ ಇರೋ ಅಭಯಾರಣ್ಯ ಮಾರಾಯ್ರೆ ಅದು. ಲಿಂಗನಮಕ್ಕಿ ಡ್ಯಾಮಿಗೆ ಊರು ಮುಳುಗಿದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೀತಿದ್ದಾರೆ. ಬಯಲುಸೀಮೇಲಿ ಮೂರು ರೂಪಾಯಿ ಕರೆಂಟ್ ಅಂತ ಬರೆಯೋವಾಗ ನಮ್ಮ ಕಾಡಿನ ಬೆಲೆ ಆ ಮೂರು ರೂಪಾಯಲ್ಲಿ ಸೇರಿಲ್ಲ.

ಹಾಗಂತ ಸೋಲಾರ್ ಬೇಡ ಅಂತಿಲ್ಲ. ಬ್ಯಾಟರಿ ಅಲ್ಲೇ ಪಾರ್ಕ್ ಪಕ್ಕ ಇಡಲಿ, ಪಂಪ್‌ಸೆಟ್‌ಗೆ ಹಗಲೇ ಕರೆಂಟ್ ಕೊಡಲಿ, ಕುಸುಮ್ ಯೋಜನೇಲಿ ರೈತರೇ ತಮ್ಮ ಹೊಲದಲ್ಲಿ ಅರ್ಧ ಮೆಗಾವ್ಯಾಟ್‌ನಿಂದ ಎರಡು ಮೆಗಾವ್ಯಾಟ್ ತನಕ ಹಾಕಬಹುದು ಅಂತ ಇದೆಯಲ್ಲ, ಅದನ್ನ ಜೋರು ಮಾಡಲಿ.

ಗ್ರಿಡ್_ಗೆಳೆಯ
ಒಪ್ತೀನಿ. ಹಗಲಿನ ಬಳಕೆ ಹಗಲಿಗೇ ತಂದಷ್ಟೂ ಕಣಿವೆ ಮೇಲಿನ ಒತ್ತಡ ಕಮ್ಮಿ. ಕುಸುಮ್‌ನಲ್ಲಿ ತೊಡಕು ಬಂಡವಾಳದ್ದು, ಸಣ್ಣ ರೈತನಿಗೆ ಕೋಟಿಗಟ್ಟಲೆ ಸಾಲ ಯಾರು ಕೊಡ್ತಾರೆ. ಆದ್ರೆ ಹತ್ತು ಹದಿನೈದು ಜನ ಸಂಘ ಮಾಡ್ಕೊಂಡ್ರೆ ಸಾಧ್ಯ, ಆಗ ಅವರು ಎಂಟು ಪೈಸೆಯವರಲ್ಲ, ಮಾಲೀಕರು.

ಪೌತಿಖಾತೆ
ನಾನು ಮಧುಗಿರಿ ಕಡೆಯವಳು, ದಾಖಲೆ ಬರೆಯೋ ಕೆಲಸ. ಚಿಕ್ಕಪ್ಪನವರಿಗೆ ಕೆಲವು ಮಾತು, ಕೋರ್ಟು ಕಚೇರಿ ಅಲೆದೋರನ್ನ ನೋಡಿ ಹೇಳ್ತಿರೋದು.

ಪಹಣಿ ಈಗ ಯಾರ ಹೆಸರಲ್ಲಿದೆ? ತೀರಿಹೋದ ಅಜ್ಜನ ಹೆಸರಲ್ಲಿದ್ರೆ ಮೊದಲು ಪೌತಿ ಖಾತೆ, ಅಂದ್ರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಿ. ಬಾಡಿಗೆ ಅಕೌಂಟಿಗೆ ಬರೋಕೆ ಶುರುವಾದ ಮೇಲೆ ಅಣ್ಣ ತಮ್ಮಂದ್ರು ಜಗಳ ಆಡೋದನ್ನ ಬಹಳ ನೋಡಿದೀನಿ. ಹೆಣ್ಣುಮಕ್ಕಳನ್ನ ಬಿಟ್ಟು ಸೈನ್ ಮಾಡಿಸ್ಬೇಡಿ, 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. ಹೊಲ ಉಳೋವಾಗ ಅಕ್ಕ ತಂಗಿ "ನಂಗೇನು ಬೇಡ ಬಿಡಣ್ಣ" ಅಂತಿದ್ರು, ಬಾಡಿಗೆ ಬರೋ ಹೊಲ ಆದಾಗ ಅದು ಬೇರೆ.

ಆಮೇಲೆ 28 ವರ್ಷದ ನಂತರದ್ದು. ಕಂಬ, ಕಾಂಕ್ರೀಟ್, ಕೇಬಲ್ ತೆಗೆದು ನೆಲ ಸಮ ಮಾಡಿ ಯಾರು ಕೊಡ್ತಾರೆ, ಅದಕ್ಕೆ ದುಡ್ಡು ಈಗಿಂದಲೇ ಯಾವ ಅಕೌಂಟಲ್ಲಿ ಇಡ್ತಾರೆ, ಇದು ಕರಾರಲ್ಲಿ ಇರಬೇಕು. ಬದು ಎಲ್ಲಾ ಒಡೆದು ಹಾಕಿರ್ತಾರೆ, ಯಾರ ಹೊಲ ಎಲ್ಲಿ ಅಂತ ಗುರ್ತು ಸಿಗಲ್ಲ, ಹಾಗಾಗಿ ಸರ್ವೆ ನಕ್ಷೆ ಪ್ರತಿ ಮನೆಗೂ ಈಗಲೇ ಇಸ್ಕೊಳ್ಳಿ.

ಗ್ರಿಡ್_ಗೆಳೆಯ
ಪ್ಯಾನೆಲ್‌ಗೆ ಕಾನೂನು ಇದೆ ಅಕ್ಕ. 2022ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್ ಸೇರಿಸಿದ್ದಾರೆ, 2023ರ ಏಪ್ರಿಲ್‌ನಿಂದ ಜಾರಿ. ಆದ್ರೆ ಸದ್ಯಕ್ಕೆ 2034-35ರ ತನಕ ತಯಾರಕರು ಹಳೇ ಪ್ಯಾನೆಲ್ ಜೋಪಾನವಾಗಿ ಸಂಗ್ರಹಿಸಿಡಬೇಕು ಅಂತಷ್ಟೇ. ಗುತ್ತಿಗೆ ಮುಗಿಯೋದು ಅದಕ್ಕಿಂತ ಎಷ್ಟೋ ಮುಂದೆ. ನೆಲ ವಾಪಸ್ ಕೊಡೋ ವಿಷಯ ಕರಾರೇ ಕಾಯಬೇಕು, ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಕೂಲಿಯೋರ_ಮನೆ
ಅಣ್ಣ ಒಂದು ಸೇರ್ಸಿ. ಪ್ಯಾನೆಲ್ ಸಾಲಿನ ನಡುವೆ ಹುಲ್ಲು ಬೆಳೀತದೆ, ಅದನ್ನ ಮಷೀನಲ್ಲಿ ಕೊಯ್ಸಿ ಬಿಸಾಕ್ತಾರೆ. ಹೊಸ ಪಾರ್ಕಲ್ಲಿ ಪ್ಯಾನೆಲ್ ಸ್ವಲ್ಪ ಎತ್ತರಕ್ಕೆ ಹಾಕಿ, ಕುರಿ ಬಿಡೋಕೆ ಗೇಟ್ ಇಡಿ ಅಂತ ಕೇಳಿ. ಕುರಿಯೋರಿಗೆ ಮೇವು, ಅವ್ರಿಗೆ ಹುಲ್ಲು ಕೊಯ್ಯೋ ಖರ್ಚು ಉಳಿತು. ಮೇಕೆ ಬೇಡ, ಅದು ಮೇಲೆ ಹತ್ತುತ್ತೆ, ಕುರಿ ಹತ್ತಲ್ಲ. ಮತ್ತೆ ಪ್ಯಾನೆಲ್ ತೊಳೆಯೋ ನೀರು ಎಲ್ಲಿಂದ ತರ್ತೀರ ಅಂತನೂ ಕೇಳಿ, ನಮ್ಮೂರ ಬೋರಿಂದ ಬೇಡ. ತುಂಗಭದ್ರಾ ಹಿನ್ನೀರು ಕುಡಿಯೋಕೆ ಅಂತ ವರ್ಷಗಟ್ಟಲೆ ಕಾಯ್ಕೊಂಡು ಕೂತಿದ್ದ ತಾಲ್ಲೂಕು ನಮ್ದು.

ಕಡಲೆಕಾಯಿ_ಹೊಲ
ಎಲ್ಲಾ ಬರ್ಕೊಂಡೆ. ನಿನ್ನೆ ರಾತ್ರಿ ಚಿಕ್ಕಪ್ಪಂಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಅವ್ರು ಕೊಡ್ತಾರೆ, ಮನಸ್ಸು ಮಾಡವ್ರೆ, ಮಂಡಿ ನೋವು, ಮಕ್ಕಳು ಊರಲ್ಲಿಲ್ಲ. ಆದ್ರೆ ಒಬ್ಬೊಬ್ಬರೇ ಹೋಗಿ ಸೈನ್ ಹಾಕಲ್ಲ, ಊರೋರೆಲ್ಲ ಒಟ್ಟಿಗೆ ಕೂತು ಒಂದೇ ಕಾಗದ ಬರೆದು ಕೊಡ್ತೀವಿ ಅಂದ್ರು. ಬಾಡಿಗೆ ಏರಿಕೆ ಬೆಲೆ ಸೂಚ್ಯಂಕಕ್ಕೆ ಕಟ್ಟಿ, ಇಲ್ಲಾಂದ್ರೆ ಯೂನಿಟ್ ಲೆಕ್ಕದಲ್ಲಿ ಪಾಲು ಕೊಡಿ ಅನ್ನೋದು ಮೊದಲು. ಭೂಮಿ ಇಲ್ದೋರ ಹೆಸರಿನ ಪಟ್ಟಿ ಗ್ರಾಮಸಭೇಲೇ ಮಾಡಿ ಅದೇ ಕಾಗದಕ್ಕೆ ಲಗತ್ತಿಸಬೇಕು ಅಂತ ನಾನೇ ಹಟ ಹಿಡಿದು ಹೇಳಿದೀನಿ. "ಅವ್ರಿಗೆ ನಾವ್ಯಾಕೆ ಕೇಳೋದು" ಅಂತ ಒಬ್ಬರು ಪಕ್ಕದಲ್ಲಿ ಕೂತು ಅಂದಿದ್ದು ಫೋನಲ್ಲೇ ಕೇಳಿಸ್ತು. ಚಿಕ್ಕಪ್ಪ ಅವ್ರಿಗೆ "ಕಾಯಿ ಕಿತ್ತೋರು ಅವ್ರೇ ಕಣಯ್ಯ" ಅಂದ್ರು.

ಪೌತಿಖಾತೆ
ನಿಮ್ಮಪ್ಪನವರ ಹಳೇ ಕರಾರಿನ ಪ್ರತಿ ಇದ್ರೆ ಸರ್ವೆ ನಂಬರ್, ಹೆಸರು, ಆಧಾರ್ ಎಲ್ಲಾ ಮುಚ್ಚಿ ಇಲ್ಲಿ ಹಾಕಿ ತಮ್ಮ. ಯಾವ ಸಾಲು ಬದಲಾಗಬೇಕು ಅಂತ ಕೆಂಪು ಇಂಕಲ್ಲಿ ಗುರ್ತು ಮಾಡಿ ಕೊಡ್ತೀನಿ, ದುಡ್ಡು ಕಾಸು ಏನೂ ಬೇಡ.

ಕಡಲೆಕಾಯಿ_ಹೊಲ
ಅಪ್ಪ ಟ್ರಂಕಲ್ಲಿ ಇಟ್ಟವ್ರೆ ಅಕ್ಕ. ಭಾನುವಾರ ಊರಿಗೆ ಹೋಗ್ತೀನಿ, ಅವತ್ತೇ ಫೋಟೋ ತೆಗೆದು ಹಾಕ್ತೀನಿ.